ಅಂಬಿಗನ ಕುತ್ತಿಗೆ ನೋವು

"ಕಾಣುತ್ತಿಲ್ಲ ಎಂಬುದೇ ಗೊತ್ತಿಲ್ಲದವರಿಗೆ, ನಿಮಗೆ ಕಾಣುತ್ತಿಲ್ಲ ಎಂದು ಹೇಗೆ ಹೇಳಬೇಕು, ಮೇಡಂ?"

ಕಸ್ತೂರಿ ಹೀಗೆ ಕೇಳಿದಾಗ ಮಧ್ಯಾಹ್ನದ ತರಗತಿ ಮುಗಿದು ಉಳಿದ ಹುಡುಗಿಯರೆಲ್ಲ ಹೊರಗೆ ಹೋಗಿದ್ದರು. ಅವಳು ನರ್ಸಿಂಗ್ ಶಾಲೆಯ ಎರಡನೇ ವರ್ಷದಲ್ಲಿದ್ದಳು. ರೋಗಿಯ ತಲೆ, ಕುತ್ತಿಗೆ, ಕಣ್ಣುಗಳನ್ನು ಪರೀಕ್ಷಿಸುವುದನ್ನು ಕಲಿಯುವ ವಾರ ಅದು. ಅಂದು ಬೆಳಿಗ್ಗೆ ವಾರ್ಡಿನಲ್ಲಿ ಒಬ್ಬ ಅಜ್ಜಿಯ ಕಣ್ಣು ನೋಡಿದ್ದಳು. ಅಜ್ಜಿಗೆ ಎಡಗಡೆಯ ನೋಟ ಹೋಗಿತ್ತು. ಕಸ್ತೂರಿ ಅದನ್ನು ಇದ್ದಂತೆಯೇ ಹೇಳಿದಳು. "ನಿನ್ನ ಮಾರಿ ಕಾಣ್ತದ, ಮೂಗಿನಾಗಿನ ನತ್ತು ಕಾಣ್ತದ, ಮತ್ತೇನ ಕಾಣಬೇಕು ನನಗ?" ಎಂದು ಅಜ್ಜಿ ಅವಳ ಕೈ ತಳ್ಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಆಮೇಲೆ ಅವಳ ಕೈಯಿಂದ ಮಾತ್ರೆಯನ್ನೂ ತೆಗೆದುಕೊಳ್ಳಲಿಲ್ಲ.

ಎಸ್ತೇರಮ್ಮ ಆ ಶಾಲೆಯ ಹಿರಿಯ ಶಿಕ್ಷಕಿ. ಕೈಯಲ್ಲಿದ್ದ ಟಾರ್ಚನ್ನು ಮೇಜಿನ ಮೇಲಿಟ್ಟು, ಎದುರಿನ ಸ್ಟೂಲು ತೋರಿಸಿದರು. ಕಸ್ತೂರಿ ಕುಳಿತಳು. ಎಸ್ತೇರಮ್ಮ ಈ ಕತೆ ಹೇಳಿದರು.

ಕೃಷ್ಣೆಯ ದಂಡೆಯ ಒಂದು ಊರಿಗೆ ಒಬ್ಬ ನರ್ಸ್ ವರ್ಗವಾಗಿ ಬಂದಳು. ಆಗ ಆ ಊರಿನ ಹತ್ತಿರ ಸೇತುವೆ ಇರಲಿಲ್ಲ. ಆಚೆ ದಂಡೆಯ ಹಳ್ಳಿಗಳೂ ಅವಳ ಪಾಲಿಗೇ ಬಂದಿದ್ದವು. ಅಲ್ಲಿಯ ಮಕ್ಕಳಿಗೆ ಚುಚ್ಚುಮದ್ದು ಹಾಕಬೇಕಾದರೆ ಹೊಳೆ ದಾಟಬೇಕು. ಹೊಳೆ ದಾಟಬೇಕಾದರೆ ಒಬ್ಬ ಅಂಬಿಗನ ಹರಿಗೋಲಿನಲ್ಲಿ ಕೂರಬೇಕು.

ಅವಳು ಬಯಲುಸೀಮೆಯವಳು. ಬಾವಿಯ ನೀರು ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಮೊದಲ ದಿನ ಮರಳಿನ ಮೇಲೆ ನಿಂತು, ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡನೆಯ ಬುಟ್ಟಿಯನ್ನು ನೋಡಿ ಅವಳ ಕಾಲು ಮುಂದೆ ಹೋಗಲಿಲ್ಲ. ಅಂಬಿಗ ನಗಲಿಲ್ಲ. ತನ್ನ ಕಂಬಳಿಯನ್ನು ಮಡಿಸಿ ನಡುವೆ ಹಾಸಿ, ಮೊದಲು ಅವಳ ಲಸಿಕೆಯ ಪೆಟ್ಟಿಗೆಯನ್ನು ಅದರ ಮೇಲೆ ಕೂಡಿಸಿದ. ಆಮೇಲೆ, "ನಿಮ್ಮ ಪೆಟಗಿ ಕುಂತದ, ನೀವೂ ಕೂಡ್ರಿ, ಬಾಯಾರ" ಎಂದ. ಅವಳು ಕುಳಿತಳು.

ಅಂದಿನಿಂದ ಅದು ರೂಢಿಯಾಯಿತು. ಅವಳ ಪೆಟ್ಟಿಗೆ ಕಂಬಳಿಯ ಮೇಲೆ, ಅವಳು ಪೆಟ್ಟಿಗೆಯ ಪಕ್ಕ. ಸುತ್ತ ಮೊಸರು ಮಾರುವವರು, ಸಂತೆಗೆ ಹೋಗುವವರು, ತವರಿಗೆ ಹೊರಟ ಹೆಣ್ಣುಮಕ್ಕಳು, ಸೈಕಲ್ಲನ್ನು ತೊಡೆಯ ಮೇಲೆ ಅಡ್ಡ ಹಿಡಿದುಕೊಂಡ ಶಾಲೆಯ ಮಾಸ್ತರು. ಅಂಬಿಗ ಹುಟ್ಟು ಹಾಕುತ್ತ ಎಲ್ಲರನ್ನೂ ಮಾತಾಡಿಸುತ್ತಿದ್ದ. ಆಚೆ ದಂಡೆಯಿಂದ ಯಾರಾದರೂ ಕೂಗಿದರೆ ಕೂಗಿನಲ್ಲಿಯೇ ಯಾರೆಂದು ಹೇಳುತ್ತಿದ್ದ. ಹೊಸ ಮದುಮಗಳು ಅಳುತ್ತ ಕೂತಿದ್ದರೆ, "ನಿಮ್ಮವ್ವನ್ನೂ ನಾನ ದಾಟಿಸೀನಿ ತಂಗಿ, ಆಕೀನೂ ಹಿಂಗ ಅಳತಿದ್ಲು, ಮುಂದಿನ ಪಂಚಮಿಗೆ ನಕ್ಕೋತ ಬಂದ್ಲು" ಎನ್ನುತ್ತಿದ್ದ. ಅತ್ತವಳು ಮೂಗು ಒರೆಸಿಕೊಂಡು ನಗುತ್ತಿದ್ದಳು.

ಆ ನರ್ಸ್ ಮುಂದೆ ಎಷ್ಟೋ ಊರು ತಿರುಗಿದಳು. ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದಳು. ಆದರೆ ಎಲ್ಲಾದರೂ ಒದ್ದೆ ಚರ್ಮದ ವಾಸನೆ ಬಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಗಳಿಗೆ ನಿಂತುಬಿಡುತ್ತಿದ್ದಳು. ಬದುಕಿನಲ್ಲಿ ತಾನು ಯಾವ ಅವಸರವೂ ಇಲ್ಲದೆ ಕುಳಿತಿದ್ದ ಜಾಗ ಅದೊಂದೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಆ ಊರಿನಲ್ಲಿ ಹೀಗೆ ಕೆಲವು ವರ್ಷ ಕಳೆದವು. ಒಂದು ಬೇಸಿಗೆಯಲ್ಲಿ ಹೊಳೆ ಇಳಿದು, ನಡುವೆ ಬಂಡೆಗಳು ಎದ್ದು ನಿಂತವು. ಅಂಬಿಗನಿಗೆ ಆ ಬಂಡೆಗಳು ಹೊಸವಲ್ಲ. ಆದರೂ ಒಂದು ದಿನ ಹರಿಗೋಲು ಎಡಗಡೆಯ ಬಂಡೆಗೆ ಬಡಿಯಿತು. ಜೋರಾಗಿಯೇ ಬಡಿಯಿತು. ಬಾಣಂತಿಯೊಬ್ಬಳ ಮಡಿಲಿನಿಂದ ಕೂಸು ಜಾರಿ ಹರಿಗೋಲಿನೊಳಗೆ ನಿಂತಿದ್ದ ನೀರಿನಲ್ಲಿ ಬಿತ್ತು. ನರ್ಸ್ ಅದನ್ನು ಎತ್ತಿಕೊಂಡಳು. ಕೂಸಿಗೆ ಏನೂ ಆಗಿರಲಿಲ್ಲ.

ಮಾಸ್ತರು ಹೆದರಿದ್ದರು. ಹೆದರಿಕೆಯಲ್ಲಿ ಸಿಟ್ಟು ಬಂದಿತ್ತು. "ಅಷ್ಟ ದೊಡ್ಡ ಬಂಡಿ ಕಾಣಲಿಲ್ಲೇನು ನಿನಗ? ಕಣ್ಣ ಹೋಗ್ಯಾವೇನು?" ಎಂದರು.

ಅಂಬಿಗ ಹುಟ್ಟನ್ನು ಬಂಡೆಗೆ ಊರಿ ಹರಿಗೋಲು ಬಿಡಿಸಿದ. ದಂಡೆ ಮುಟ್ಟಿಸಿ ಎಲ್ಲರನ್ನೂ ಇಳಿಸಿದ. ಮರುದಿನದಿಂದ ಮಾಸ್ತರನ್ನು ಹತ್ತಿಸಿಕೊಳ್ಳಲಿಲ್ಲ. ಊರವರು ಹೇಳಿ ನೋಡಿದರು. ಅವನು ಕೇಳಲಿಲ್ಲ. ಹಿಂದಿನ ಮಳೆಗಾಲದಲ್ಲಿ ಹೊಳೆಯೇ ಬಂಡೆಯನ್ನು ಉರುಳಿಸಿಕೊಂಡು ಬಂದಿದೆ, ಅದು ಮೊದಲು ಅಲ್ಲಿ ಇರಲಿಲ್ಲ ಎಂದ. ಮಾಸ್ತರು ಅಂದಿನಿಂದ ಬಹಳ ದೂರದ ಸೇತುವೆಗೆ ಬಸ್ಸಿನಲ್ಲಿ ಹೋಗಿ, ಸುತ್ತು ಹಾಕಿಕೊಂಡು ಶಾಲೆಗೆ ಹೋಗತೊಡಗಿದರು.

ಅದಾದ ಮೇಲೆ ಅಂಬಿಗ ಒಂದು ಬೆಳಿಗ್ಗೆ ನರ್ಸ್ ಇದ್ದ ಆರೋಗ್ಯ ಉಪಕೇಂದ್ರಕ್ಕೆ ಬಂದ. ಅವನು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕುತ್ತಿಗೆ ನೋವು ಎಂದ. ಎಣ್ಣೆ ತಿಕ್ಕಿಸಿಕೊಂಡಿದ್ದ, ಕಾವು ಕೊಟ್ಟಿದ್ದ, ಕಡಿಮೆಯಾಗಿರಲಿಲ್ಲ. ಹೊಳೆ ತುಂಬುವ ಕಾಲ ಹತ್ತಿರ ಬಂತು, ಅಷ್ಟರೊಳಗೆ ವಾಸಿ ಮಾಡಿಕೊಡಿ ಎಂದು ಕೇಳಿದ. ತುಂಬಿದ ಹೊಳೆಯಲ್ಲಿ ಹುಟ್ಟು ಹಾಕಲು ಆ ಊರಿನಲ್ಲಿ ಅವನೊಬ್ಬನಿಗೇ ಬರುತ್ತಿತ್ತು.

ನರ್ಸ್ ಅವನನ್ನು ಪಡಸಾಲೆಯ ಬೆಳಕಿನಲ್ಲಿ ಕೂಡಿಸಿದಳು. ತಲೆಯ ರುಮಾಲು ತೆಗೆಯಲು ಹೇಳಿದಳು. ನೋವು ಕುತ್ತಿಗೆಯದಾದರೂ ಅವಳು ತಲೆಯಿಂದಲೇ ಶುರು ಮಾಡಿದಳು. ಅವಳಿಗೆ ಕಲಿಸಿದ್ದು ಹಾಗೆ. ಕೂದಲು ಬಿಡಿಸಿ ನೋಡಿದಳು. ಹಣೆಯ ಎರಡೂ ಪಕ್ಕದಲ್ಲಿ, ಕಿವಿಯ ಮೇಲ್ಗಡೆ, ಮಾಸಿದ ಗಾಯಗಳಿದ್ದವು. ಒಂದು ಇನ್ನೂ ಹಸಿಯಾಗಿತ್ತು.

"ಇವೇನು?" ಎಂದಳು.

"ಬಾಗಲಾ ಬಡದಾವ್ರಿ. ಮನಿ ಹಳೇದು, ಬಾಗಲಾ ಸಣ್ಣವು."

ಅವನು ಹುಟ್ಟಿದ್ದು ಆ ಮನೆಯಲ್ಲಿಯೇ ಎಂದು ನರ್ಸಿಗೆ ಗೊತ್ತಿತ್ತು. ಕಿವಿಯ ಹಿಂದೆ, ದವಡೆಯ ಕೆಳಗೆ, ಕುತ್ತಿಗೆಯ ಉದ್ದಕ್ಕೂ, ಹೆಗಲಿನ ಎಲುಬಿನ ಮೇಲೆ ಬೆರಳಾಡಿಸಿದಳು. ಎಲ್ಲಿಯೂ ಗಂಟು ಸಿಗಲಿಲ್ಲ. ಉಗುಳು ನುಂಗಿಸಿ ನೋಡಿದಳು. ಗದ್ದವನ್ನು ಎದೆಗೆ, ಕಿವಿಯನ್ನು ಹೆಗಲಿಗೆ ತರಿಸಿದಳು. ಎಲ್ಲ ಸರಿಯಿತ್ತು. ಎರಡೂ ಬದಿಯ ಸ್ನಾಯುಗಳು ಮಾತ್ರ ಎಳೆದು ಕಟ್ಟಿದ ಹಗ್ಗದಂತೆ ಬಿಗಿದಿದ್ದವು. ಕುತ್ತಿಗೆ ಕೆಟ್ಟಿರಲಿಲ್ಲ, ದಣಿದಿತ್ತು.

ಯಾತಕ್ಕೆ ದಣಿದಿತ್ತು ಎಂಬುದು ಅವಳಿಗೆ ಕುಳಿತಲ್ಲಿಯೇ ತಿಳಿಯಿತು. ಯಾರೋ ಹೆಂಗಸು ಪಕ್ಕದಿಂದ ಬಂದು ಕಂಬದ ಹತ್ತಿರ ನಿಂತಳು. ಅಂಬಿಗನಿಗೆ ಅವಳು ಬಂದದ್ದು ತಿಳಿಯಲಿಲ್ಲ. ಅವಳು ಕೆಮ್ಮಿದಾಗ ಕಣ್ಣು ಹೊರಳಿಸದೆ ಇಡೀ ತಲೆಯನ್ನೇ ತಿರುಗಿಸಿ ನೋಡಿದ. ಹರಿಗೋಲಿನಲ್ಲಿಯೂ ಅವನು ಹಾಗೆಯೇ ಅತ್ತ ಇತ್ತ ತಲೆ ತಿರುಗಿಸುತ್ತಿದ್ದ. ನಮ್ಮ ಮೇಲೆ ಎಷ್ಟು ಎಚ್ಚರ ಇವನಿಗೆ ಎಂದು ಅವಳು ಇಷ್ಟು ದಿನ ಸಂತೋಷಪಟ್ಟಿದ್ದಳು.

ರೆಪ್ಪೆ ಇಳಿಸಿ ನೋಡಿದಳು. ಟಾರ್ಚ್ ಬಿಟ್ಟಳು. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಎದುರಿಗೆ ಬೆರಳು ಹಿಡಿದು ಆಡಿಸಿದರೆ ಕಣ್ಣು ಹಿಂದೆಯೇ ಬಂತು. ದೂರದ್ದು ಕಾಣುತ್ತದೆಯೇ ಎಂದು ಕೇಳಿದಾಗ ಅವನಿಗೆ ನಗು ಬಂತು. ಆಚೆ ದಂಡೆಯ ಎಮ್ಮೆಗಳಲ್ಲಿ ಯಾವುದು ಯಾರ ಮನೆಯದು ಎಂದು ಹೇಳಿದ. ಸರಿಯಾಗಿಯೇ ಹೇಳಿದ.

ಆಗ ನರ್ಸ್ ತನ್ನ ಸ್ಟೂಲನ್ನು ಅವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎಳೆದುಕೊಂಡಳು. ಅವನ ಒಂದು ಕಣ್ಣು ಮುಚ್ಚಿಸಿದಳು. ತನ್ನದೂ ಅದರ ಎದುರಿನ ಕಣ್ಣು ಮುಚ್ಚಿಕೊಂಡಳು. "ನನ್ನ ಕಣ್ಣನ್ನೇ ನೋಡ್ರಿ, ಬೇರೆ ಕಡೆ ನೋಡಬ್ಯಾಡ್ರಿ. ಬೆರಳು ಕಂಡ ಕೂಡಲೆ ಹೇಳ್ರಿ" ಎಂದಳು. ತೋಳು ಚಾಚಿ, ಇಬ್ಬರ ನಡುವಿನ ಜಾಗದಲ್ಲಿ, ಪಕ್ಕದಿಂದ ಬೆರಳಾಡಿಸುತ್ತ ಒಳಗೆ ತಂದಳು. ಅವಳಿಗೆ ತನ್ನ ಬೆರಳು ಮೊದಲಿನಿಂದಲೇ ಕಾಣುತ್ತಿತ್ತು. ಅಂಬಿಗ ಸುಮ್ಮನಿದ್ದ. ಬೆರಳು ಹತ್ತಿರ ಬಂತು. ಸುಮ್ಮನಿದ್ದ. ಮೂಗಿನ ನೇರಕ್ಕೆ ಬರುವಷ್ಟರಲ್ಲಿ, "ಹಾಂ, ಬಂತು" ಎಂದ.

ಇನ್ನೊಂದು ಪಕ್ಕ ನೋಡಿದಳು. ಇನ್ನೊಂದು ಕಣ್ಣು ನೋಡಿದಳು. ಎಲ್ಲ ಕಡೆಯೂ ಅಷ್ಟೇ. ಅವನು ಲೋಕವನ್ನು ಕೊಳವೆಯೊಳಗಿನಿಂದ ನೋಡುತ್ತಿದ್ದ, ಕೊಳವೆ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ನರ್ಸಿನ ಬಾಯಿಗೆ ಮಾತು ಬಂದಿತ್ತು. ತುದಿ ನಾಲಿಗೆಯ ಮೇಲೆ ನಿಂತಿತ್ತು. ಅವಳಿಗೆ ಬಸ್ಸಿಗೆ ಕಾಯುವ ಮಾಸ್ತರು ನೆನಪಾದರು. ಇವನು ತನ್ನನ್ನೂ ಹತ್ತಿಸಿಕೊಳ್ಳದಿದ್ದರೆ ಆಚೆ ದಂಡೆಯ ಮಕ್ಕಳಿಗೆ ಸೂಜಿ ಚುಚ್ಚುವವರು ಯಾರು ಎಂಬುದು ನೆನಪಾಯಿತು. ಮಳೆ ಬಂದ ಮೇಲೆ ಅದೇ ಬಂಡೆಗಳು ಕೆಂಪು ನೀರಿನ ಕೆಳಗೆ ಇರುತ್ತವೆ, ಹರಿಗೋಲಿನ ತುಂಬ ಜನ ಇರುತ್ತಾರೆ ಎಂಬುದೂ ನೆನಪಾಯಿತು. ಹೇಳದೆ ಇರುವಂತಿಲ್ಲ. ಹೇಳಿದರೆ ಅವನು ಕೇಳುವುದಿಲ್ಲ.

ಅವಳು ಯೋಚಿಸುತ್ತಿರುವಾಗ ಅಂಬಿಗನೇ ಮಾತಾಡಿದ. "ನೀವು ಬೆರಳು ತಡಾ ಮಾಡಿ ತರ್ತೀರಿ, ಬಾಯಾರ. ಹಂಗ ಮಾಡಿದ್ರ ಯಾರಿಗೆ ಕಾಣ್ತದ?"

ನರ್ಸ್ ಬೆರಳು ಮಡಿಸಿ ಕೈ ಇಳಿಸಿದಳು.

"ಹಂಗಾದ್ರ ನೀವ ಆಡಿಸ್ರಿ. ನಾ ಹೇಳ್ತೀನಿ."

ಅವನಿಗೆ ಅದು ಸರಿಯೆನ್ನಿಸಿತು. ಅವಳು ಹೇಳಿದಂತೆ ಒಂದು ಕಣ್ಣು ಮುಚ್ಚಿ, ಅವಳ ಕಣ್ಣನ್ನೇ ನೋಡುತ್ತ, ತೋಳನ್ನು ಪಕ್ಕಕ್ಕೆ ಚಾಚಿ ಬೆರಳಾಡಿಸಿದ.

"ಕಾಣ್ತು" ಎಂದಳು ನರ್ಸ್.

ಅಂಬಿಗ ನಂಬಲಿಲ್ಲ. ಸುಮ್ಮನೆ ಹೇಳುತ್ತಿದ್ದಾಳೆ ಎಂದುಕೊಂಡ. ಬೆರಳುಗಳನ್ನು ಮಡಿಸಿ, ಎಷ್ಟು ಎಂದು ಕೇಳಿದ. ಅವಳು ಹೇಳಿದಳು. ಬೇರೆ ಬೆರಳು ಮಡಿಸಿ ಕೇಳಿದ. ಅದನ್ನೂ ಹೇಳಿದಳು. ಕೈ ಬದಲಿಸಿದ, ಕಣ್ಣು ಬದಲಿಸಿದ. ಅವಳು ಒಂದು ಸಲವೂ ತಪ್ಪಲಿಲ್ಲ. ಅವಳ ನೋಟ ಅವನ ಕಣ್ಣು ಬಿಟ್ಟು ಕದಲಲೂ ಇಲ್ಲ. ಅದನ್ನು ಅವನು ಚೆನ್ನಾಗಿ ನೋಡಿದ.

ಆಗ ಅವನ ಕೈ ಗಾಳಿಯಲ್ಲಿ ನಿಂತಿತು. ಆ ಕೈ ಅವನದೇ. ತೋಳು ಚಾಚಿದ್ದು ಅವನಿಗೆ ಗೊತ್ತು, ಬೆರಳು ಆಡುತ್ತಿರುವುದು ಗೊತ್ತು. ಅದು ಅವಳಿಗೆ ಕಾಣುತ್ತಿತ್ತು. ಅವನಿಗೆ ಕಾಣುತ್ತಿರಲಿಲ್ಲ.

ಅವನು ಕೈಯನ್ನು ಮೆಲ್ಲಗೆ ಒಳಗೆ ತಂದ. ಬಹಳ ಒಳಗೆ ಬಂದ ಮೇಲೆ ಅದು ಕಂಡಿತು. ಮೆಲ್ಲಗೆ ಹೊರಗೆ ಒಯ್ದ. ಹೋಯಿತು. ಮತ್ತೆ ತಂದ, ಮತ್ತೆ ಒಯ್ದ. ಹೆಂಗಸರು ಮಗ್ಗುಲ ಮನೆಗೆ ಹೋದ ಕೂಸನ್ನು ಬಾಗಿಲಲ್ಲಿ ನಿಂತು ಕಾಯುವಂತೆ ಅವನು ತನ್ನ ಕೈ ಬರುವುದನ್ನು ಕಾಯುತ್ತಿದ್ದ. ನರ್ಸ್ ಅಲುಗಾಡದೆ ಕುಳಿತಿದ್ದಳು. ಕಂಬದ ಹತ್ತಿರ ನಿಂತಿದ್ದ ಹೆಂಗಸಿಗೂ ಏನೋ ತಿಳಿದಂತಾಗಿ ಅಂಗಳಕ್ಕೆ ಇಳಿದು ಹೋದಳು.

ಎಷ್ಟೋ ಹೊತ್ತಿನ ಮೇಲೆ ಅಂಬಿಗ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಆ ಬಂಡಿ ಅಲ್ಲೇ ಇತ್ತು, ಅಲ್ಲೇನ್ರೀ?" ಎಂದ.

ನರ್ಸ್ ಹೌದೆಂಬಂತೆ ತಲೆ ಆಡಿಸಿದಳು.

ಅವನು ರುಮಾಲು ಸುತ್ತಿಕೊಂಡು ಎದ್ದುಹೋದ. ಅವಳಿಗೆ ಒಳಗೆ ಕೂರಲಾಗಲಿಲ್ಲ. ಅಂದು ಸಂತೆ. ದಂಡೆಯ ಮೇಲೆ ಜನ ಕಾಯುತ್ತಿದ್ದರು. ಅವಳೂ ಹಿಂದೆಯೇ ಹೊಳೆಗೆ ಹೋದಳು. ಹೋಗುವಷ್ಟರಲ್ಲಿ ಅಂಬಿಗ ಹರಿಗೋಲನ್ನು ಮರಳಿನ ಮೇಲೆ ಎಳೆದು ಬೋರಲು ಹಾಕಿದ್ದ. ಜನ ಗೊಣಗುತ್ತಿದ್ದರು. ಸಂತೆಗೆ ಹೊತ್ತಾಯಿತು, ಮೊಸರು ಹುಳಿಯಾಗುತ್ತದೆ ಎನ್ನುತ್ತಿದ್ದರು. ಅವನು "ಇವತ್ತ ಹೊಳಿ ಇಲ್ಲ" ಎಂದಷ್ಟೇ ಹೇಳಿ, ಬೋರಲಾದ ಹರಿಗೋಲಿಗೆ ಒರಗಿ ಕುಳಿತ. ಕೆಳಗಿನ ಊರಿನಲ್ಲಿ ಹರಿಗೋಲು ನಡೆಸುತ್ತಿದ್ದ ಹೆಂಡತಿಯ ತಮ್ಮನಿಗೆ ಅಂದೇ ಹೇಳಿ ಕಳಿಸಿದ. ಮಳೆ ಹಿಡಿಯುವ ಮೊದಲು ಆ ತಮ್ಮ ಬಂದು ಹುಟ್ಟು ಹಿಡಿದ. ಯಾವ ಬಂಡೆ ಎಲ್ಲಿದೆ, ಯಾವ ತಿಂಗಳಲ್ಲಿ ಸುಳಿ ಎಲ್ಲಿ ಏಳುತ್ತದೆ ಎಂದು ಅಂಬಿಗ ಅವನಿಗೆ ಮರಳಿನ ಮೇಲೆ ಗೀರಿ ತೋರಿಸಿದ.

ನರ್ಸ್ ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ, ನೋಟ ಅಂಚಿನಿಂದ ಸವೆಯುತ್ತ ಬಂದಿದೆ ಎಂದು ಡಾಕ್ಟರು ಹೇಳಿದರು. ಹೋದದ್ದು ಬರುವುದಿಲ್ಲ, ಹನಿ ಹಾಕಿಕೊಂಡರೆ ಇರುವುದನ್ನು ಉಳಿಸಬಹುದು ಎಂದರು. ಅವನು ಹನಿ ತಪ್ಪಿಸಲಿಲ್ಲ. ಆ ಸಣ್ಣ ಕಿಂಡಿಯಷ್ಟು ನೋಟ ಕಡೆಯವರೆಗೂ ಉಳಿಯಿತು.

ಆ ವರ್ಷ ಹೊಳೆ ತುಂಬಿ, ಇಳಿದು, ತಿಳಿಯಾದ ಮೇಲೆ ಒಂದು ದಿನ ನರ್ಸ್ ಪೆಟ್ಟಿಗೆ ಹಿಡಿದು ದಂಡೆಗೆ ಬಂದಳು. ಅಂಬಿಗ ಅಲ್ಲಿಯೇ ನಿಂತಿದ್ದ. "ನಾನೂ ಬರ್ತೀನಿ" ಎಂದ. ಮಾಸ್ತರು ಬಂದಿದ್ದರು, ದೂರ ನಿಂತಿದ್ದರು. ಅಂಬಿಗ ಹೆಂಡತಿಯ ತಮ್ಮನಿಗೆ, "ಮೊದಲ ಮಾಸ್ತರನ್ನ ಕೂಡಿಸು, ಅವರ ಸಾಲಿಗೆ ಹೊತ್ತಾಗ್ತದ" ಎಂದ. ಮಾಸ್ತರು ಬಂದು ಸೈಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಸ್ವಲ್ಪ ದೂರ ಹೋದ ಮೇಲೆ ಮಾಸ್ತರು ಎಲೆ ಅಡಿಕೆಯ ಚೀಲ ತೆಗೆದು ಅವನ ಮುಂದೆ ಹಿಡಿದರು. ಅವನು ತೆಗೆದುಕೊಂಡ.

ಅವನು ನರ್ಸಿನ ಪಕ್ಕ ಕುಳಿತಿದ್ದ. ಹುಟ್ಟಿದಾಗಿನಿಂದ ಆ ಹೊಳೆಯ ಮೇಲೆ ಕುಳಿತವನು ಸುಮ್ಮನೆ ಕುಳಿತದ್ದು ಅಂದೇ. ತಲೆಯನ್ನು ಮೆಲ್ಲಗೆ ತಿರುಗಿಸುತ್ತ ಈ ದಂಡೆಯಿಂದ ಆ ದಂಡೆಯವರೆಗೆ ನೋಡಿದ. ಕಲ್ಲಂಗಡಿ ಬಳ್ಳಿ ಹಾಕಿದ ಮರಳು, ಬಟ್ಟೆ ಒಗೆಯುವ ಕಲ್ಲು, ನೀರಿಗೆ ಇಳಿದ ಎಮ್ಮೆಗಳು, ಎಲ್ಲವನ್ನೂ ಒಂದೊಂದಾಗಿ ನೋಡಿದ. "ಹುಟ್ಟ ಹಿಡದಾವಗ ಬರೀ ನೀರ ಕಾಣ್ತಿತ್ರಿ" ಎಂದ. ಅದನ್ನು ಅವನು ದುಃಖದಿಂದ ಹೇಳಿದನೋ ಸಂತೋಷದಿಂದ ಹೇಳಿದನೋ ನರ್ಸಿಗೆ ತಿಳಿಯಲಿಲ್ಲ. ಆಚೆ ದಂಡೆಯಿಂದ ಯಾರೋ ಕೂಗಿದರು. ಯಾರೆಂದು ಅವನೇ ಹೇಳಿದ.

ಅವಳು ಆ ಊರಿನಲ್ಲಿ ಇರುವವರೆಗೆ ಅವನು ಲಸಿಕೆಯ ದಿನ ತಪ್ಪದೆ ಜೊತೆಗೆ ಬರುತ್ತಿದ್ದ. ದಾರಿಯುದ್ದಕ್ಕೂ ಮಾತು. ಆಚೆ ದಂಡೆಯಲ್ಲಿ ಇಳಿದ ಮೇಲೆ ಮಕ್ಕಳು ಸೂಜಿಗೆ ಹೆದರಿ ಓಡಿದರೆ ಅವನೇ ಹೆಸರು ಹಿಡಿದು ಕೂಗಿ ಕರೆಯುತ್ತಿದ್ದ. ಆಮೇಲೆ ಅವಳಿಗೆ ಬೇರೆ ಕಡೆ ವರ್ಗವಾಯಿತು. ಮುಂದೆ ಅಲ್ಲಿ ಸೇತುವೆಯೂ ಆಯಿತು. ಒಮ್ಮೆ ಅವಳು ಬಸ್ಸಿನಲ್ಲಿ ಆ ಸೇತುವೆಯ ಮೇಲೆ ಹೋದಳು. ಪಕ್ಕದಲ್ಲಿದ್ದವಳು ಊಟದ ಗಂಟು ಬಿಚ್ಚುವುದರೊಳಗೆ ಹೊಳೆ ಮುಗಿದುಹೋಯಿತು. ಕೆಳಗೆ ಹರಿಗೋಲು ಇರಲಿಲ್ಲ, ಯಾರೂ ಕೂಗುತ್ತಿರಲಿಲ್ಲ. ಅವಳು ಮುಂದಿನ ನಿಲ್ದಾಣದವರೆಗೂ ಕಿಟಕಿಯಿಂದ ಮುಖ ತೆಗೆಯಲಿಲ್ಲ.

ಎಸ್ತೇರಮ್ಮ ಇಲ್ಲಿಗೆ ನಿಲ್ಲಿಸಿದರು. ಕಿಟಕಿಯ ಹೊರಗೆ ಹುಡುಗಿಯರು ಹಾಸಿಗೆಯ ಬಟ್ಟೆಗಳನ್ನು ಒಣಹಾಕುತ್ತಿದ್ದರು. ಕಸ್ತೂರಿ ಉತ್ತರ ಇನ್ನು ಬರುತ್ತದೆ ಎಂದುಕೊಂಡಿದ್ದಳು.

"ಮೇಡಂ, ನಾನು ಕೇಳಿದ್ದು, ಹೇಗೆ ಹೇಳಬೇಕು ಅಂತ" ಎಂದಳು.

"ಹೌದು. ಆ ನರ್ಸ್ ಅಂಬಿಗನಿಗೆ ಅದನ್ನು ಯಾವಾಗ ಹೇಳಿದಳು?" ಎಂದರು ಎಸ್ತೇರಮ್ಮ.

ಕಸ್ತೂರಿ ಉತ್ತರಿಸಲು ಬಾಯಿ ತೆರೆದಳು. ಕತೆಯನ್ನು ಮೊದಲಿನಿಂದ ಹುಡುಕಿದಳು. ನರ್ಸ್ ಹೇಳಿದ್ದು ಎಲ್ಲಿಯೂ ಸಿಗಲಿಲ್ಲ. ತನ್ನ ತೋಳನ್ನು ಪಕ್ಕಕ್ಕೆ ಚಾಚಿ ಬೆರಳಾಡಿಸಿ ನೋಡಿದಳು.